ಬಾಲಂಗೋಚಿ

ಜುಲೈ 8, 2024, ಸೋಮವಾರ ರಾತ್ರಿ

ಸಂಜೆ ಹಾಲು ಮುಗಿದ ಮೇಲೆ ಡೈರಿಯಲ್ಲೇ ಸಭೆ ಕೂತಿತು. ಸೆಕ್ರೆಟರಿ ಮಾವ ಆಗಸ್ಟ್ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಕೆಲಸ ಇನ್ನು ನನ್ನ ಹೆಗಲಿಗೆ. ನಾಲ್ಕು ವರ್ಷದಿಂದ ಹಾಲು ಪರೀಕ್ಷಕಿಯಾಗಿ ಅವರ ಪಕ್ಕದಲ್ಲೇ ನಿಂತವಳು, ಜಾಗ ಹೊಸದೇನಲ್ಲ. ಆದರೂ ಅಧ್ಯಕ್ಷರು ನನ್ನ ಹೆಸರು ಹೇಳಿದಾಗ ಎದೆ ಒಂದು ಕ್ಷಣ ಭಾರವಾಯಿತು.

ಹಾಲು ಒಕ್ಕೂಟದಿಂದ ಬಂದಿದ್ದ ವಿಸ್ತರಣಾಧಿಕಾರಿ ಒಂದು ಕೆಲಸ ಹಚ್ಚಿ ಹೋದರು. "34 ವರ್ಷ ಇವರ ತಲೆಯಲ್ಲಿ ಸೇರಿದ್ದು ಇವರ ಜೊತೆ ಮನೆಗೆ ಹೋಗಬಾರದಮ್ಮ. ಹಾಲು ಬಾಗಿಲಿಗೆ ಬಂದಲ್ಲಿಂದ ದುಡ್ಡು ಖಾತೆಗೆ ಬೀಳುವವರೆಗೆ ಏನೇನು ನಡೆಯುತ್ತೋ ಎಲ್ಲವನ್ನೂ ಫ್ಲೋಚಾರ್ಟ್ ಮಾಡಿ" ಎಂದರು. ಗುರುತುಗಳ ಜೆರಾಕ್ಸ್ ಹಾಳೆಗಳನ್ನೂ ಕೊಟ್ಟರು. ಶುರುವಿಗೂ ಕೊನೆಗೂ ಮೊಟ್ಟೆಯಾಕಾರ. ಮಾಡುವ ಕೆಲಸಕ್ಕೆ ಆಯತ. ಚೀಟಿ, ರಿಜಿಸ್ಟರಿಗೆ ಕೆಳಗಂಚು ಅಲೆಯಂತೆ ಬಳುಕಿದ ಆಯತ. ಹೌದೋ ಇಲ್ಲವೋ ಎಂದು ಕೇಳುವ ಜಾಗಕ್ಕೆ ಮೂಲೆಯ ಮೇಲೆ ನಿಂತ ಚೌಕ. ಒಂದರಿಂದ ಇನ್ನೊಂದಕ್ಕೆ ಬಾಣ.

ಮಾವ ಹಾಳೆಯನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಅದ್ರಲ್ಲಿ ಬರಿಯೋದೇನೈತವ್ವ? ಹಾಲು ಬತ್ತದೆ, ನೋಡ್ತೀವಿ, ಅಳೀತೀವಿ, ಸುರೀತೀವಿ, ಟ್ಯಾಂಕರ್ ಬಂದು ತಕ್ಕೊಂಡು ಹೋಯ್ತದೆ."

ಮನೆಗೆ ಬಂದು ಊಟ ಆದಮೇಲೆ ಬರೆದೆ. ಏಳು ಆಯತ, ಒಂದು ಪ್ರಶ್ನೆ, ಎರಡು ಮೊಟ್ಟೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಷ್ಟು ಬೇಗ ಮುಗಿದದ್ದೇ ನನಗೆ ಸರಿ ಕಾಣುತ್ತಿಲ್ಲ.

ಜುಲೈ 10, ಬುಧವಾರ

ಇವತ್ತು ಬೆಳಗ್ಗೆ ಯಂತ್ರದ ಮುಂದೆ ಸಹಾಯಕ ಹುಡುಗನನ್ನು ಕೂರಿಸಿ, ನಾನು ನೋಟ್‌ಬುಕ್ ಹಿಡಿದು ಮಾವನ ಹಿಂದೆ ನಿಂತೆ. ಬಾಯಲ್ಲಿ ಹೇಳುವುದನ್ನು ಬಿಟ್ಟು ಅವರ ಕೈ ಮಾಡುವುದನ್ನು ಬರೆಯಬೇಕೆಂದು ತೀರ್ಮಾನಿಸಿದ್ದೆ.

ಮೊದಲು ಮುಚ್ಚಳ ತೆಗೆಯುತ್ತಾರೆ. ತೆಗೆದ ತಕ್ಷಣ ಮೂಗಿಗೆ ಹಿಡಿಯುವುದು ಮುಚ್ಚಳವನ್ನು. ಹಾಲಿನ ಹತ್ತಿರ ಮೂಗು ಒಯ್ಯುವುದಿಲ್ಲ. ಹುಳಿಯ ವಾಸನೆ ಮುಚ್ಚಳದ ಒಳಗೇ ಕಟ್ಟಿಕೊಂಡಿರುತ್ತದೆ. ಆಮೇಲೆ ಪಾತ್ರೆಯನ್ನು ಬೆಳಕಿನ ಕಡೆ ಓರೆ ಮಾಡುತ್ತಾರೆ. ಹಳದಿ ಇದ್ದರೆ ಕರು ಹಾಕಿ ಎಷ್ಟು ದಿನ ಆಯ್ತು ಎಂದು ಕೇಳುತ್ತಾರೆ, ಗಿಣ್ಣು ಹಾಲಾದರೆ ಅಲ್ಲೇ ವಾಪಸ್. ಮಾದರಿ ತೆಗೆಯುವ ಮುಂಚೆ ಉದ್ದ ಹಿಡಿಕೆಯ ಸೌಟಿನಿಂದ ತಳದಿಂದ ಮೇಲಕ್ಕೆ ನಾಲ್ಕೈದು ಸಲ ತಿರುವುತ್ತಾರೆ. ಕೆನೆ ಮೇಲೆ ನಿಂತ ಹಾಲಿನಲ್ಲಿ ಮೇಲಿನದ್ದನ್ನೇ ತೆಗೆದರೆ ಫ್ಯಾಟು ಹೆಚ್ಚು ಬರುತ್ತದೆ, ತಳದ್ದಾದರೆ ಕಡಿಮೆ.

ಇವನ್ನೆಲ್ಲ ನಾನೂ ಮಾಡುತ್ತೇನೆ. ನಿಲ್ಲಿಸಿದ್ದು ಇನ್ನೊಂದು. ಡೈರಿಯ ಹಿಂದಿನ ಮನೆ ಅಜ್ಜಿ ಬಂದಾಗ ಮಾವ ಪಾತ್ರೆಯನ್ನು ಎಡಗಡೆ ಕಟ್ಟೆಯ ಮೇಲೆ ಇಡಿಸಿದರು. ಅವರ ಹಿಂದೆ ಬಂದ ಐದು ಜನರ ಹಾಲು ಮುಗಿಸಿ, ಆಮೇಲೆ ಅಜ್ಜಿಯದ್ದನ್ನು ತೆಗೆದುಕೊಂಡರು. ನಾಲ್ಕು ವರ್ಷದಿಂದ ನೋಡಿದ್ದೇನೆ, ಕಟ್ಟೆ ಇರುವುದು ಜನ ಜಾಸ್ತಿಯಾದಾಗ ಪಾತ್ರೆ ಇಡಲಿಕ್ಕೆ ಅಂದುಕೊಂಡಿದ್ದೆ. ಕೇಳಿದೆ.

"ನೊರೆ ಕೂರಬೇಕಲ್ಲವ್ವ. ಅಜ್ಜಿ ಕರೆದ ಕೈಯಲ್ಲೇ ತತ್ತದೆ. ಗಾಳಿ ಸಿಕ್ಕಾಕೊಂಡಿದ್ರೆ ಮಿಷಿನ್ನು ಸುಳ್ಳು ಹೇಳ್ತದೆ."

ಮಾವ ರಜೆ ಹಾಕಿದ ದಿನಗಳಲ್ಲಿ ಅಜ್ಜಿಯ ಬಿಸಿ ಹಾಲನ್ನು ಬಂದ ತಕ್ಷಣ ಯಂತ್ರಕ್ಕೆ ಹಿಡಿದಿದ್ದೇನೆ. ಆ ದಿನಗಳ ಚೀಟಿಗಳಲ್ಲಿ ಅಂಕಿ ಕಡಿಮೆ ಬಂದಿತ್ತೇ? ಮಧ್ಯಾಹ್ನ ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಬಂದಿತ್ತು. ಕೆಲವು ರೂಪಾಯಿಗಳ ವ್ಯತ್ಯಾಸ. ಆ ರೂಪಾಯಿ ಅಜ್ಜಿಯದ್ದು. ಮುಂದಿನ ಬಟವಾಡೆಯಲ್ಲಿ ಸೇರಿಸಬೇಕು, ಅಧ್ಯಕ್ಷರಿಗೆ ನಾನೇ ಹೇಳುತ್ತೇನೆ.

ಏಳಿದ್ದ ಆಯತ ಈಗ ಮೂವತ್ತೊಂದು. ತಕ್ಕಡಿಯನ್ನು ಸೊನ್ನೆಗೆ ತರುವುದು, ಸೋಸುವ ಬಟ್ಟೆ ಬದಲಿಸುವುದು, ಯಂತ್ರದ ಕೊಳವೆ ತೊಳೆಯುವುದು, ಎಲ್ಲಕ್ಕೂ ಒಂದೊಂದು ಮನೆ.

ಸಂಜೆ ಹಜಾರದಲ್ಲಿ ಹಾಳೆ ಹರಡಿಕೊಂಡಿದ್ದಾಗ ಪಕ್ಕದ ಮನೆ ಹುಡುಗ ಬಂದು ಪ್ರಶ್ನೆಯ ಚೌಕಗಳ ಮೇಲೆ ಬೆರಳಿಟ್ಟು, "ಆಂಟಿ, ಗಾಳಿಪಟ ಯಾಕೆ ಬರೆದಿದ್ದೀರಾ?" ಅಂದ. ಆಷಾಢದ ಗಾಳಿ, ಊರ ಮೇಲೆಲ್ಲ ಪಟಗಳೇ. ಇನ್ನು ನಾನೂ ಅದನ್ನು ಗಾಳಿಪಟ ಎಂದೇ ಕರೆಯುತ್ತೇನೆ. "ಇವಕ್ಕೆ ಬಾಲಂಗೋಚಿ ಇಲ್ವಲ್ಲ" ಅಂತಲೂ ಹೇಳಿ ಹೋದ.

ಜುಲೈ 14, ಭಾನುವಾರ

ಅಧಿಕಾರಿ ಕೊಟ್ಟ ಹಾಳೆಗಳನ್ನು ಪೂರ್ತಿ ಓದಿದೆ. ಕೆಲಸವನ್ನು ಹೀಗೆ ಚಿತ್ರದಲ್ಲಿ ಇಳಿಸುವ ಪದ್ಧತಿಯನ್ನು 1921ರಲ್ಲಿ ಅಮೆರಿಕದ ಎಂಜಿನಿಯರುಗಳ ಸಂಘದ ಮುಂದೆ ಇಟ್ಟದ್ದು ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ಎಂಬ ಗಂಡ ಹೆಂಡತಿ. ಫ್ರಾಂಕ್ ಮೊದಲು ಇಟ್ಟಿಗೆ ಕಟ್ಟುವ ಕೆಲಸ ಕಲಿತವರು. ಒಂದು ಇಟ್ಟಿಗೆ ಕೂರಿಸಲು ಗಾರೆಯವನ ಕೈ ಮೈ 18 ಸಲ ಅಲುಗುವುದನ್ನು ಎಣಿಸಿ, ಅದನ್ನು ಐದರ ಹತ್ತಿರಕ್ಕೆ ಇಳಿಸಿದರಂತೆ. ಪ್ರತಿ ಇಟ್ಟಿಗೆಗೂ ಬಗ್ಗಿ ಏಳಬಾರದೆಂದು, ಗೋಡೆ ಎದ್ದಂತೆ ಏರಿಸಬಹುದಾದ ಅಟ್ಟಣಿಗೆ ಮಾಡಿದರು. ಲಿಲಿಯನ್ 12 ಮಕ್ಕಳನ್ನು ಹೆತ್ತವರು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. 1924ರಲ್ಲಿ ಗಂಡ ತೀರಿಕೊಂಡ ಮೇಲೂ ಕೆಲಸ ಬಿಡಲಿಲ್ಲ, ಅಡುಗೆಮನೆಯಲ್ಲಿ ಹೆಂಗಸರ ಓಡಾಟ ಕಡಿಮೆ ಮಾಡುವುದು ಹೇಗೆಂದು ಲೆಕ್ಕ ಹಾಕಿದರು. 1947ರ ಸುಮಾರಿಗೆ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಇಂಥದೇ ಚಿತ್ರಗಳಿಂದ ಕಂಪ್ಯೂಟರಿಗೆ ಕೆಲಸ ಬರೆದುಕೊಟ್ಟರು.

ಬಗ್ಗಿ ಏಳುವ ಬೆನ್ನನ್ನು ನೋಡಿದರಲ್ಲ, ಅದು ನನಗೆ ಹಿಡಿಸಿತು. ಆದರೆ ಅವರಿಬ್ಬರೂ ಯಾವ ಕೆಲಸಕ್ಕೂ ಅತ್ಯುತ್ತಮ ದಾರಿ ಒಂದೇ ಎಂದು ನಂಬಿದವರು. ಅದನ್ನು ನಾನು ಒಪ್ಪಲಾರೆ. ಕರೆದ ಕೈಯಲ್ಲೇ ತರುವ ಅಜ್ಜಿಗೂ, ತೋಟದ ಮನೆಯಿಂದ ಎರಡು ಮೈಲಿ ಸೈಕಲ್ ತುಳಿದು ಬರುವವನಿಗೂ ಒಂದೇ ದಾರಿ ಸಾಲದು. ಆದರೆ ದಾರಿ ಎಲ್ಲಿ ಕವಲಾಗುತ್ತದೆ ಎನ್ನುವುದಂತೂ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು.

ಮಧ್ಯಾಹ್ನ ಮಾವನ ಮನೆಗೆ ಹೋಗಿ ಹಳೆಯ ಕಾಲದ ಫ್ಯಾಟ್ ಪರೀಕ್ಷೆ ಬರೆದುಕೊಂಡೆ. ಯಂತ್ರ ಕೆಟ್ಟ ದಿನ ಈಗಲೂ ಬೇಕಾದದ್ದು. ಗರ್ಬರ್ ನಳಿಕೆಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಆಮೇಲೆ ಗೋಡೆಗುಂಟ ನಿಧಾನವಾಗಿ 10.75 ಮಿ.ಲೀ. ಹಾಲು, ಮೇಲೆ 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಬಿರಟೆ ಒತ್ತಿ, ಬಟ್ಟೆಯಲ್ಲಿ ಸುತ್ತಿ ಹಿಡಿದು ಅಲುಗಿಸಬೇಕು, ನಳಿಕೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ನಂತರ ಐದು ನಿಮಿಷ ಗಿರಗಿರನೆ ತಿರುಗಿಸಿದರೆ ಕೊಬ್ಬು ಹೊಂಬಣ್ಣದ ಕಂಬವಾಗಿ ನಿಲ್ಲುತ್ತದೆ. ಮಾವ ಅಂಗಿಯ ತೋಳು ಮಡಚಿ ಮೊಣಕೈ ಹತ್ತಿರದ ಕಲೆ ತೋರಿಸಿದರು. "ಮೊದಲ್ನೇ ವರ್ಷದ್ದು. ಬಿರಟೆ ಸಡಿಲ ಇತ್ತು. ಬಟ್ಟೆ ಸುತ್ತಬೇಕು ಅಂತ ಯಾರೂ ಹೇಳಿರ್ನಿಲ್ಲ."

'ಬಟ್ಟೆ ಸುತ್ತಿ ಹಿಡಿಯುವುದು' ಎಂಬುದಕ್ಕೆ ಬೇರೆಯೇ ಆಯತ ಹಾಕಿ, ಕೆಂಪು ಶಾಯಿಯಲ್ಲಿ ಬರೆದೆ.

ಜುಲೈ 17, ಬುಧವಾರ

ರಾತ್ರಿ ಕರೆಂಟು ಹೋಗಿ ಜನರೇಟರ್ ಹತ್ತಲಿಲ್ಲ. ಶೀತಲೀಕರಣದ ತೊಟ್ಟಿಯ ಹಾಲು 4 ಡಿಗ್ರಿಯಲ್ಲಿರಬೇಕು, 9ಕ್ಕೆ ಏರಿತ್ತು. ಟ್ಯಾಂಕರಿಗೆ ಮುಂಚೆಯೇ ಫೋನ್ ಮಾಡಿ ಕರೆಸಿದೆವು, ಹಾಲು ಉಳಿಯಿತು. ಯಾರಿಗೆ ಮೊದಲು ಫೋನ್ ಮಾಡಬೇಕು ಎನ್ನುವುದು ಮಾವನೊಬ್ಬರಿಗೇ ಗೊತ್ತಿತ್ತು. ಈಗ ಹಾಳೆಯಲ್ಲಿದೆ. ನಿದ್ದೆ ಬರುತ್ತಿದೆ.

ಜುಲೈ 21, ಭಾನುವಾರ

ಎರಡು ದಿನದಿಂದ ಒಂದೇ ಗಾಳಿಪಟದ ಮುಂದೆ ಕೂತಿದ್ದೇನೆ. 'ಎಸ್ಸೆನ್ನೆಫ್ ಸರಿಯಿದೆಯೇ?' ಎಸ್ಸೆನ್ನೆಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ. ಹೌದು ಎಂಬ ಬಾಣ ಕೆಳಗಿಳಿದು ಚೀಟಿಗೆ, ತೊಟ್ಟಿಗೆ, ಟ್ಯಾಂಕರಿಗೆ, ಖಾತೆಗೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದವರೆಗೆ ಹಾಳೆ ತುಂಬ ಹರಿದಿದೆ. ಇಲ್ಲ ಎಂಬ ಬಾಣ ಬಲಕ್ಕೆ ಒಂದು ಅಂಗುಲ ಹೋಗಿ 'ಹಾಲು ವಾಪಸ್' ಎಂಬ ಆಯತ ಮುಟ್ಟಿ, ಪಕ್ಕದಲ್ಲೇ ಮೊಟ್ಟೆ: 'ಕೊನೆ'.

ಬರೆದದ್ದು ನಾನೇ. ಆ ಮೊಟ್ಟೆಯನ್ನು ನೋಡುತ್ತಿದ್ದರೆ ಅವ್ವ ನೆನಪಾಗುತ್ತಾಳೆ.

ಆಗ ನಾನು ಏಳನೇ ಕ್ಲಾಸು. ತವರೂರಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು, "ಡಿಗ್ರಿ ಬರ್ಲಿಲ್ಲ ಕಣಮ್ಮ" ಅಂದರು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ಅವ್ವ ಏನೂ ಮಾತಾಡಲಿಲ್ಲ. ಮೂರೂವರೆ ಲೀಟರ್ ಹಾಲಿನ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೀದಿಯುದ್ದಕ್ಕೂ ವಾಪಸ್ ನಡೆದಳು. ಸಂಜೆಯೂ ಅದೇ, ಮಾರನೆಯ ದಿನವೂ ಅದೇ. ಮೂರನೇ ದಿನ ನನ್ನನ್ನು ಕಳಿಸಿದಳು. ದಾರಿಯಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು, "ನಿಮ್ಮನೇಲಿ ನೀರು ಹಾಕ್ತೀರಂತೆ?"

ನಾಲ್ಕನೇ ದಿನ ಹಸುವಿನ ಒಂದು ಮೊಲೆ ಕಲ್ಲಿನಂತಾಗಿ, ಹಾಲಲ್ಲಿ ಗಂಟು ಬಂತು. ಕೆಚ್ಚಲು ಬಾವು. ಬಾವು ಕಣ್ಣಿಗೆ ಕಾಣುವ ಮುಂಚೆಯೇ ಹಾಲು ಕೆಡುತ್ತದೆ, ಅದರ ಸತ್ವ ಇಳಿದು ಡಿಗ್ರಿ ಬೀಳುತ್ತದೆ ಎಂದು ನಾನು ಕಲಿತದ್ದು ಹತ್ತು ವರ್ಷದ ಮೇಲೆ, ಒಕ್ಕೂಟದ ತರಬೇತಿಯಲ್ಲಿ. ಅಲ್ಲಿ ಅದನ್ನು ಕೇಳಿದ ದಿನ ಕ್ಲಾಸಿನ ಮಧ್ಯೆ ಎದ್ದು ಹೊರಗೆ ಹೋಗಿದ್ದೆ. ಲ್ಯಾಕ್ಟೋಮೀಟರ್ ಆಗಲಿ ಯಂತ್ರವಾಗಲಿ ಹಾಲು ತೆಳ್ಳಗಿದೆ ಎನ್ನಬಲ್ಲವು, ಅಷ್ಟೇ. ಅದು ನೀರಿನಿಂದಲೋ, ಬಾವಿನಿಂದಲೋ, ಬರೀ ಒಣಹುಲ್ಲು ತಿಂದದ್ದರಿಂದಲೋ, ಅವು ಹೇಳಲಾರವು. ಮೊದಲ ದಿನವೇ ಯಾರಾದರೂ ಕೊಟ್ಟಿಗೆಗೆ ಬಂದು ನೋಡಿದ್ದರೆ ಮೊಲೆ ಉಳಿಯುತ್ತಿತ್ತೇನೋ. ಅದು ಬತ್ತಿಯೇ ಹೋಯಿತು. ಅವ್ವ ಮತ್ತೆ ಡೈರಿಯ ಮೆಟ್ಟಿಲು ಹತ್ತಲಿಲ್ಲ. ಹಾಲು ಸರಿಹೋದ ಮೇಲೂ ನಾನೇ ಹಾಕಿ ಬರುತ್ತಿದ್ದೆ.

'ಕೊನೆ' ಎಂಬ ಮೊಟ್ಟೆಯನ್ನು ಅಳಿಸಿದ್ದೇನೆ. ಬಾಣ ಈಗ ಖಾಲಿ ಜಾಗಕ್ಕೆ ಹೋಗಿ ನಿಂತಿದೆ. ಹುಡುಗ ಹೇಳಿದ್ದು ನಿಜ, ನನ್ನ ಪಟಗಳಿಗೆ ಬಾಲಂಗೋಚಿ ಇಲ್ಲ.

ಜುಲೈ 24, ಬುಧವಾರ

ಮಾವನಿಗೆ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

"ಇಲ್ಲಿಗೆ ಮುಗಿಯಾಕಿಲ್ಲ ಕಣವ್ವ. ನಾನು ಹೋಗಿ ನೋಡ್ತಿದ್ದೆ."

"ಎಲ್ಲಿಗೆ ಮಾವ?"

"ಅವರ ಮನೆಗೇಯ. ರಾತ್ರಿ ಬ್ಯಾಟ್ರಿ ಹಿಡ್ಕೊಂಡು. ಕೆಚ್ಚಲು ಮುಟ್ಟಿ ನೋಡಿ, ವಸಿ ಬೂಸಾ ಜಾಸ್ತಿ ಕೊಡಿ ಅಂತ್ಲೋ, ಡಾಕ್ಟ್ರನ್ನ ಕರೀರಿ ಅಂತ್ಲೋ ಹೇಳಿ ಬತ್ತಿದ್ದೆ."

34 ವರ್ಷದಲ್ಲಿ ಇದನ್ನು ಅವರು ಯಾವ ರಿಜಿಸ್ಟರಿನಲ್ಲೂ ಬರೆದಿಲ್ಲ, ನನಗೂ ಹೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಆದರೂ ಕೇಳಲೇಬೇಕಿತ್ತು. "ಎಲ್ಲರ ಮನೆಗೂ ಹೋಗ್ತಿದ್ರಾ ಮಾವ?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ದಾರೀಲಿದ್ದ ಮನೆಗೆ ಹೋಯ್ತಿದ್ದೆ."

ಆಮೇಲೆ ಇಬ್ಬರೂ ಕೂತು ಆ ಬಾಣವನ್ನು ಎಳೆದೆವು. ಬಹುಪಾಲು ಹೇಳಿದ್ದು ಅವರೇ. ಅಂಕಿ ಇಳಿದರೆ ಮೊದಲು ಯಂತ್ರ ತೊಳೆದು, ನೊರೆ ಕೂತ ಮೇಲೆ ಎರಡನೇ ಮಾದರಿ. ಆಗಲೂ ಇಳಿದಿದ್ದರೆ ಕೇಳಬೇಕು, ಹಸುವಿಗೆ ಔಷಧಿ ಕೊಟ್ಟಿದ್ದೀರಾ? ಈ ಪ್ರಶ್ನೆ ನಮ್ಮಲ್ಲಿ ಎಲ್ಲೂ ಇರಲೇ ಇಲ್ಲ. ಔಷಧಿಯ ಅಂಶ ಇರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರುವುದಿಲ್ಲ, ಮಕ್ಕಳ ಹೊಟ್ಟೆಗಂತೂ ಹೋಗಲೇಬಾರದು. ಡಾಕ್ಟರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಹಾಲು ಡೈರಿಗೆ ಬರಕೂಡದು. ಆಮೇಲೆ ಕೊಟ್ಟಿಗೆ ಪರೀಕ್ಷೆ. ಮಾರನೆಯ ಬೆಳಗ್ಗೆ ನಮ್ಮಲ್ಲೊಬ್ಬರು ಕರೆಯುವ ಹೊತ್ತಿಗೇ ಹೋಗಿ, ಎದುರಿನಲ್ಲಿ ಕೊನೆಯ ಹನಿವರೆಗೂ ಕರೆಸಿ ಮಾದರಿ ತರುವುದು. ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಯದರಲ್ಲಿ ಹೆಚ್ಚು, ಅರ್ಧ ಕರೆದರೆ ಲೆಕ್ಕ ತಪ್ಪುತ್ತದೆ. ಆ ಮಾದರಿಯಲ್ಲೂ ಅಂಕಿ ಇಳಿದಿದ್ದರೆ ಹಸುವನ್ನು ನೋಡಬೇಕು. ಕೊಟ್ಟಿಗೆಯಲ್ಲಿ ಸರಿಯಿದ್ದು ಡೈರಿಯಲ್ಲಿ ಇಳಿದಿದ್ದರೆ ಆಗ ಮನುಷ್ಯರನ್ನು.

ಆಗಸ್ಟ್ 3, ಶನಿವಾರ

ನಿನ್ನೆ ಸಂಜೆ ಹೊಸ ಬಡಾವಣೆಯ ಕೊನೆ ಮನೆಯವರ ಹಾಲು ಎಸ್ಸೆನ್ನೆಫ್ 7.6 ತೋರಿಸಿತು. ದಿನಾ 8.5ರ ಆಸುಪಾಸು ಇರುವ ಮನೆ. ಎರಡನೇ ಮಾದರಿಯೂ 7.6. ಆ ಮನೆ ಯಾರ ದಾರಿಯಲ್ಲೂ ಇಲ್ಲ.

ಬೆಳಗ್ಗೆ ಐದೂಕಾಲಿಗೆ ಹೋದೆ. ಸೋನೆ ಹಿಡಿದಿತ್ತು. ಗಂಡ ಊರಲ್ಲಿರಲಿಲ್ಲ, ಆಕೆಯೇ ಕೊಟ್ಟಿಗೆಯಲ್ಲಿ ದೀಪ ಹಾಕಿದಳು. ನನ್ನನ್ನು ನೋಡಿ ಬಂದ ಕಾರಣ ಗೊತ್ತಾಗಿ ಮುಖ ತಿರುಗಿಸಿದಳು. ಕೆಚ್ಚಲು ತೊಳೆದು ಕರೆಯತೊಡಗಿದಳು. ಪಾತ್ರೆಗೆ ಹಾಲು ಬೀಳುವ ಸದ್ದು ಬಿಟ್ಟರೆ ಮಾತಿಲ್ಲ. ಬಲಗಡೆ ಹಿಂದಿನ ಮೊಲೆ ಹಿಡಿದಾಗ ಹಸು ಕಾಲು ಎತ್ತಿ ಎತ್ತಿ ಇಟ್ಟಿತು. ಡೈರಿಗೆ ತಂದು ನೊರೆ ಕೂರಿಸಿ ಹಿಡಿದೆ: 7.7.

ಕೃತಕ ಗರ್ಭಧಾರಣೆ ಕಾರ್ಯಕರ್ತ ಅಣ್ಣನನ್ನು ಕರೆದುಕೊಂಡು ಮತ್ತೆ ಹೋದೆ. ಅವರು ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯಿಂದ ಒಂದಿಷ್ಟು ಹಾಲು ಕರೆದು, ಅಷ್ಟೇ ಪರೀಕ್ಷೆಯ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಿದರು. ಮೂರು ಬಟ್ಟಲು ನೀರಿನಂತೆ ಓಡಾಡಿದವು. ನಾಲ್ಕನೆಯದು ಅಂಬಲಿಯ ಹಾಗೆ ಕಟ್ಟಿಕೊಂಡಿತು. ಕಣ್ಣಿಗೆ ಇನ್ನೂ ಬಾವು ಕಾಣುತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆವು.

ಹೊರಡುವಾಗ ಆಕೆ ಬಾಗಿಲಿಗೆ ಬಂದು ಕೇಳಿದಳು, "ಅಕ್ಕ, ನಾವು ನೀರು ಹಾಕಿಲ್ಲ ಅಂತ ನಿನ್ನೆ ಸಾಲಲ್ಲಿದ್ದೋರಿಗೂ ಹೇಳ್ತೀರಾ?"

ಇದಕ್ಕೆ ನನ್ನ ಹಾಳೆಯಲ್ಲಿ ಆಯತ ಇರಲಿಲ್ಲ. ಸಂಜೆ ಸಾಲು ತುಂಬಿದ ಮೇಲೆ ಕಿಟಕಿಯ ಹತ್ತಿರ ನಿಂತು, ಆ ಮನೆಯ ಹಾಲಿನಲ್ಲಿ ನೀರಿರಲಿಲ್ಲ, ಹಸುವಿಗೆ ಬಾವು, ಔಷಧಿ ನಡೆಯುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಗಂಟಲು ಕಟ್ಟಿತ್ತು, ಎರಡು ಸಲ ಹೇಳಬೇಕಾಯಿತು. ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಏನು ವಿಷಯ ಅಂದಳು. ಏನಿಲ್ಲ, ಸುಮ್ಮನೆ ಅಂದೆ.

ಆಗಸ್ಟ್ 9, ಶುಕ್ರವಾರ

ಇನ್ನೊಂದು ಮನೆ. ಡೈರಿಯಲ್ಲಿ 7.9, ಕೊಟ್ಟಿಗೆಯಲ್ಲಿ 8.6. ಇಲ್ಲಿ ಹಸುವಿನ ತಪ್ಪಿಲ್ಲ. ಮನೆ ಯಾವುದೆಂದು ಇಲ್ಲಿಯೂ ಬರೆಯುವುದಿಲ್ಲ. ಬೈಲಾದಲ್ಲಿ ಏನಿದೆಯೋ ಅದು ನಡೆಯಲಿ. ಅವರು ನನಗೆ ಹತ್ತಿರದವರು, ಆದರೂ ಬಾಣ ತಿರುಗಿಸಲಾಗದು.

ಆಗಸ್ಟ್ 12, ಸೋಮವಾರ

ಆಡಳಿತ ಮಂಡಳಿ ಸಭೆಯಲ್ಲಿ ನಕ್ಷೆ ಇಟ್ಟೆ. ಒಪ್ಪಿದರು. 'ಸಾಲಿನ ಮುಂದೆ ತಿಳಿಸುವುದು' ಎಂಬ ಆಯತದ ಬಗ್ಗೆ ಒಬ್ಬ ನಿರ್ದೇಶಕರು, ಅದೆಲ್ಲ ಬರೆಯುವಂಥದ್ದಾ ಎಂದರು. ವಾಪಸ್ ಎಂದು ಹೇಳುವುದು ಸಾಲಿನ ಮುಂದೆಯೇ ಅಲ್ಲವೇ ಎಂದೆ. ಅದು ಉಳಿಯಿತು. ಐದು ಗಂಟೆಗೆ ಕೊಟ್ಟಿಗೆಗೆ ಹೋಗುವವರಿಗೆ ಏನು ಕೊಡಬೇಕು, ನಾನೂ ಇಲ್ಲದ ದಿನ ಯಾರು ಹೋಗಬೇಕು ಎಂಬುದು ತೀರ್ಮಾನವಾಗಲಿಲ್ಲ. ಅಲ್ಲಿ ಬಾಣವನ್ನು ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ.

ಆಗಸ್ಟ್ 18, ಭಾನುವಾರ

ಎರಡು ಹಾಳೆ ಅಂಟಿಸಿ, ದೊಡ್ಡ ಅಕ್ಷರದಲ್ಲಿ ಬರೆದು, ಮೇಲೆ ಪ್ಲಾಸ್ಟಿಕ್ ಹಾಕಿಸಿ, ದರದ ಬೋರ್ಡಿನ ಪಕ್ಕ ಗೋಡೆಗೆ ಹೊಡೆದೆವು. ಮೊಳೆ ಹೊಡೆದವರು ಮಾವ. ಇನ್ನು ಹದಿಮೂರು ದಿನ ಅವರದ್ದು.

ಬೆಳಗ್ಗೆ ಹಿಂದಿನ ಮನೆ ಅಜ್ಜಿ ಬಂದು, ಪಾತ್ರೆಯನ್ನು ಎಡಗಡೆ ಕಟ್ಟೆಯ ಮೇಲಿಟ್ಟು, ಗೋಡೆಯ ಮುಂದೆ ನಿಂತಿತು. ಓದು ಬರುವುದಿಲ್ಲ. ಆಯತಗಳನ್ನೂ ಪಟಗಳನ್ನೂ ಮೇಲಿಂದ ಕೆಳಗೆ ನೋಡಿ, "ಇದ್ರಲ್ಲಿ ನಾನೆಲ್ಲಿವ್ನಿ?" ಅಂತು.

ನಾಲ್ಕನೇ ಆಯತ ತೋರಿಸಿದೆ. ನೊರೆ ಕೂರುವವರೆಗೆ ಕಾಯುವುದು, ಅಂತ ಬರೆದಿದೆ ಅಜ್ಜಿ, ಅಂದೆ.

ಹಾಲಿನ ಕೈಯಲ್ಲೇ ಅದರ ಮೇಲೆ ಬೆರಳಿಟ್ಟು, "ಮಂಡಿ ನೋಯ್ತದೆ ಕಣವ್ವ. ಅಷ್ಟೊತ್ತು ಕೂತ್ಕಳಕೆ ಒಂದು ಮಣೆನೂ ಬರಿ ಅಲ್ಲಿ" ಅಂತು.

ನಾಳೆ ಮನೆಯ ಪ್ಲಾಸ್ಟಿಕ್ ಸ್ಟೂಲು ತೆಗೆದುಕೊಂಡು ಹೋಗಬೇಕು. ಕಟ್ಟೆಯ ಪಕ್ಕ ಜಾಗ ಇದೆ.